ತೂತಿಲ್ಲದ ಫೋನು

ಪಿನ್ನು ಹೋಗಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಯಶೋಧರಾ ಫೋನನ್ನು ಇನ್ನೊಮ್ಮೆ ತಿರುಗಿಸಿ ನೋಡಿದಳು. ಮೇಲೆ ಏನೂ ಇಲ್ಲ. ಎಡಕ್ಕೆ ಸಿಮ್ ಹಾಕುವ ಪುಟ್ಟ ಬಾಗಿಲು. ಬಲಕ್ಕೆ ಗುಂಡಿಗಳು. ಕೆಳಗೆ ಚಾರ್ಜರ್ ಸಿಕ್ಕಿಸುವ ಚಪ್ಪಟೆ ಬಾಯಿ, ಅದರ ಪಕ್ಕ ಸ್ಪೀಕರಿನ ಜಾಲರಿ. ಹೆಡ್‌ಸೆಟ್ಟಿನ ದುಂಡನೆಯ ಪಿನ್ನು ತೂರಲು ಎಲ್ಲೂ ಜಾಗವಿರಲಿಲ್ಲ.

"ಬುಡಿ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್ ರೇಣುಕಯ್ಯ. "ಬೆಳಿಗ್ಗಿಂದ ತಿರುಗಿಸ್ತಾನೇ ಇದೀರಿ. ಅಂಗೆ ತಿರುಗಿಸಿದ್ರೆ ತೂತು ಹುಟ್ಕಂತದಾ? ಈ ಸೆಟ್ಟು ಈ ಫೋನಿಂದಲ್ಲ, ಅಷ್ಟೇ."

ಠಾಣೆಯಲ್ಲಿ ಈಗ ಎಲ್ಲರೂ ಹೆಡ್‌ಸೆಟ್ಟನ್ನು ಬರೀ ಸೆಟ್ಟು ಎನ್ನತೊಡಗಿದ್ದರು. ದಿನಕ್ಕೆ ಅಷ್ಟು ಸಲ ಅದರ ಮಾತು ಬರುತ್ತಿತ್ತು.

ಕುಕ್ಕರ್, ಗ್ಯಾಸ್ ಒಲೆ ರಿಪೇರಿ ಮಾಡಿಕೊಂಡು ಸಂತೆಯಿಂದ ಸಂತೆಗೆ ಓಡಾಡುತ್ತಿದ್ದ ಸಿರಾದ ಲಿಯಾಕತ್ ಅಲಿ ಹೊಳವನಹಳ್ಳಿ ರಸ್ತೆಯ ಪಕ್ಕ ಹೆಣವಾಗಿ ಸಿಕ್ಕಾಗ ಈ ವೈರು ಅವನ ಎರಡೂ ಕಿವಿಯಲ್ಲಿತ್ತು. ಹಾಡು ಕೇಳುತ್ತಾ ನಡೆಯುವವನಿಗೆ ಯಾವುದೋ ಲಾರಿ ಹೊಡೆದು ಹೋಗಿದೆ ಎಂದಿದ್ದ, ಅವನನ್ನು ಮೊದಲು ಕಂಡ ಬಸ್ ಡ್ರೈವರ್ ಲಕ್ಷ್ಮಯ್ಯ. ಎಲ್ಲರೂ ನಂಬಿದ್ದರು. ಡಾಕ್ಟರು ಮಾತ್ರ ತಲೆಯ ಹಿಂಭಾಗ ತೋರಿಸಿ, ಇದು ಲಾರಿಯದಲ್ಲ, ಕಬ್ಬಿಣದ ಏಟು ಎಂದಿದ್ದರು.

ಹಾಗಾದರೆ ಕೊಂದವನೇ ಕಿವಿಗೆ ವೈರು ಸಿಕ್ಕಿಸಿ ಅಪಘಾತದ ಹಾಗೆ ಕಾಣಿಸಿದ್ದಾನೆ. ಸತ್ತವನ ಫೋನಿಗೆ ವೈರು ಹಾಕುವ ತೂತೇ ಇಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಇದು ಯಶೋಧರಾ ಕಂಡುಕೊಂಡದ್ದು. ಮೇಲಿನ ಸಾಹೇಬರು ಫೋನಿನಲ್ಲೇ "ಭೇಷ್" ಎಂದಿದ್ದರು. ಆ ಭೇಷ್ ಅವಳಿಗೆ ನಿದ್ದೆ ಕೊಟ್ಟಿರಲಿಲ್ಲ. ಇಷ್ಟು ಸುಲಭವಾಗಿ ಕಣ್ಣಿಗೆ ಬಿದ್ದದ್ದು ಬೇರೆ ಯಾರ ಕಣ್ಣಿಗೂ ಯಾಕೆ ಬೀಳಲಿಲ್ಲ ಎಂದು ಅವಳು ಮಗ್ಗುಲು ಬದಲಿಸುತ್ತಲೇ ಇದ್ದಳು.

ಎದುರಿನ ಕುರ್ಚಿಯಲ್ಲಿ ಲಿಯಾಕತ್‌ನ ಮಗಳು ಬುಷ್ರಾ ಕೂತಿದ್ದಳು. ತುಮಕೂರಿನ ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿ. ಅವಳ ಹಿಂದೆ ಕುರ್ಚಿಯ ಬೆನ್ನು ಹಿಡಿದು ನಿಂತವನು ಅಕ್ರಂ, ಅವಳ ಸೋದರಮಾವ. ಸಿರಾದಲ್ಲಿ ಹಳೇ ಬೈಕುಗಳ ವ್ಯಾಪಾರ. ಸಾವಿನ ದಿನದಿಂದ ಠಾಣೆ, ಆಸ್ಪತ್ರೆ, ಖಬರಸ್ತಾನ ಎಲ್ಲ ಕಡೆಗೂ ಅವನೇ ಓಡಾಡಿದ್ದ.

"ಈ ಫೋನು ನೀವು ಕೊಡಿಸಿದ್ದಲ್ವಾ?" ಯಶೋಧರಾ ಕೇಳಿದಳು.

"ಹೌದು ಮೇಡಂ. ಈಗ ಯಾರ ಕೈಲಿ ನೋಡಿದ್ರೂ ಇದೇ. ನಮ್ಮಕ್ಕನ ಗಂಡ, ದುಲ್ಹಾಭಾಯಿ ಕೈಲೂ ಒಂದು ಇರ್ಲಿ ಅಂತ ತಂದುಕೊಟ್ಟೆ."

ಬುಷ್ರಾ ನಕ್ಕುಬಿಟ್ಟಳು. ನಕ್ಕಿದ್ದಕ್ಕೆ ತಾನೇ ಬೆಚ್ಚಿ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು.

"ಹೇಳಮ್ಮ, ಪರವಾಗಿಲ್ಲ."

"ಇದು ಬಂದ ದಿನ ಅಬ್ಬಾ ಮಾಡಿದ ಗಲಾಟೆ ನೆನಪಾಯ್ತು ಮೇಡಂ. ಡಬ್ಬಿ ಬಿಚ್ಚಿದ್ರೆ ಚಾರ್ಜರ್ ಇಲ್ಲ. ರೇಡಿಯೋ ಇಲ್ಲ. ಹೆಡ್‌ಸೆಟ್ಟಿಗೆ ತೂತಿಲ್ಲ. ಅವರ ಖವ್ವಾಲಿ ಎಲ್ಲಾ ಮೆಮೊರಿ ಕಾರ್ಡಲ್ಲಿತ್ತು, ಆ ಕಾರ್ಡ್ ಹಾಕೋಕೂ ಜಾಗ ಇಲ್ಲ. ಇಷ್ಟು ದುಡ್ಡು ಕೊಟ್ಟು ನಿಮ್ಮ ಮಾಮು ಬರೀ ಇಲ್ಲಗಳನ್ನೇ ತಂದವ್ನೆ ಅಂತ ಬೈದ್ರು."

"ನಿಜ ಮೇಡಂ," ಅಕ್ರಂ ಸಣ್ಣಗೆ ನಕ್ಕ. "ಬೈದ್ರು."

"ಕಾಲ್ ರೆಕಾರ್ಡಿಂಗ್ ಅಂತೂ ಇನ್ನೂ ಮಜಾ. ಒತ್ತಿದ ತಕ್ಷಣ ಒಂದು ಹೆಂಗಸು 'ಈ ಕರೆ ರೆಕಾರ್ಡ್ ಆಗ್ತಿದೆ' ಅಂತ ಆ ಕಡೆಯವ್ರಿಗೂ ಕೂಗಿ ಹೇಳ್ತಾಳೆ. ಹಳೇ ಫೋನು ಎಲ್ಲಾ ಕಾಲನ್ನೂ ಸುಮ್ನೆ ಹಿಡಿದಿಟ್ಕೊಳ್ತಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ."

"ಎಲ್ಲಾ ಕಾಲೂನಾ? ಯಾಕೆ?"

"ಪುರವರದಲ್ಲಿ ಯಾರ ಕುಕ್ಕರಿಗೆ ವಾಷರ್ ಬೇಕು, ದೊಡ್ಡೇರಿಲಿ ಯಾರ ಒಲೆ ಉರೀತಿಲ್ಲ ಅಂತ ಅಬ್ಬಾಗೆ ಮರ್ತುಹೋಗೋದು. ಸಂಜೆ ಕೂತ್ಕೊಂಡು ಕೇಳಿ, ಬೇಕಾದ ಸಾಮಾನು ಚೀಲಕ್ಕೆ ತುಂಬ್ಕೊಳೋರು."

"ಆಮೇಲೆ ಇದಕ್ಕೇ ಒಗ್ಗಿಬಿಟ್ರು ಮೇಡಂ," ಎಂದ ಅಕ್ರಂ. "ಹಳೇದು ಕೆಟ್ಟುಹೋಯ್ತು. ಇದನ್ನೇ ಇಟ್ಕೊಂಡು ಓಡಾಡ್ತಿದ್ರು."

"ಹೌದಾ ಬುಷ್ರಾ?"

"ನಾನು ಮಾರನೇ ದಿನ ಹಾಸ್ಟೆಲಿಗೆ ಹೋಗ್ಬಿಟ್ಟೆ ಮೇಡಂ. ಅಮ್ಮೀಗೆ ಗೊತ್ತಿರುತ್ತೆ."

ಅಮ್ಮಿ ಮಹಜಬೀನ್ ಇದ್ದತ್‌ನಲ್ಲಿ ಕೂತಿದ್ದಳು. ಗಂಡ ತೀರಿಕೊಂಡವಳು ಮನೆ ಬಿಟ್ಟು ಹೊರಗೆ ಬರದ ದಿನಗಳು. ಒಮ್ಮೆ ಹೋಗಿ ಬಾಗಿಲ ಪರದೆಯ ಆಚೆಗಿದ್ದ ಅಳು ಕೇಳಿ, ಎರಡು ಮಾತಾಡಿ ಯಶೋಧರಾ ಹಿಂದಿರುಗಿದ್ದಳು. ಈ ಪ್ರಶ್ನೆ ಆಗ ಹೊಳೆದಿರಲಿಲ್ಲ. ಈಗ ಮತ್ತೆ ಸಿರಾದವರೆಗೆ ಹೋಗುವ ಶಕ್ತಿ ಇರಲಿಲ್ಲ. ನಾಳೆ ಕೇಳಿದರಾಯಿತು ಎಂದುಕೊಂಡಳು. ಹಾಗೆ ನಾಳೆಗೆ ಬಿಟ್ಟದ್ದು ಈ ಕೇಸಿನಲ್ಲೇ ಬೇಕಾದಷ್ಟಿತ್ತು. ಸಿಮ್ ಕಂಪನಿಯಿಂದ ಬರಬೇಕಾದ ಕರೆಗಳ ವಿವರವೂ ಇನ್ನೂ ಬಂದಿರಲಿಲ್ಲ.

"ಫೋನಿನ ಡಬ್ಬಿ ಮನೇಲಿದ್ಯಾ? ಅದರ ಮೇಲಿರೋ ನಂಬರು ಕೋರ್ಟಿಗೆ ಬೇಕಾಗುತ್ತೆ."

"ನಾನು ತರ್ತೀನಿ ಮೇಡಂ," ಎಂದ ಅಕ್ರಂ.

"ಮಾಮುಗೆ ಸಿಗಲ್ಲ," ಬುಷ್ರಾ ಎದ್ದಳು. "ಅಮ್ಮಿ ಎಲ್ಲೆಲ್ಲೋ ಇಟ್ಟಿರ್ತಾರೆ. ನಾನೂ ಹೋಗ್ತೀನಿ."

"ಜೀಪು ಬಂದೋಬಸ್ತಿಗೆ ಹೋಗಿದೆ. ಬೈಕಲ್ಲಿ ಹೋಗ್ತೀರಾ?"

"ಅದಕ್ಕೇನು ಮೇಡಂ. ಇವ್ಳು ನನ್ನ ಬೈಕಿನ ಮೇಲೇ ಬೆಳೆದವ್ಳು."

"ಹುಷಾರಾಗಿ ಹೋಗಿ," ಎಂದಳು ಯಶೋಧರಾ.

ಅವರು ಹೋದ ಮೇಲೆ ಫೋನನ್ನು ಕವರಿಗೆ ಹಾಕಿ ಡ್ರಾಯರಿನಲ್ಲಿಟ್ಟಳು. ಹೆಡ್‌ಸೆಟ್ಟು ಮೇಜಿನ ಮೇಲೇ ಉಳಿಯಿತು. ಊಟದ ಹೊತ್ತು ಮೀರಿ ಯಾವ ಕಾಲವಾಗಿತ್ತೋ. ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತ್ತು.

"ಕರ್ಕೊಂಡು ಬನ್ನಿ ರೇಣುಕಯ್ಯ."

ಲಕ್ಷ್ಮಯ್ಯ ಒಳಗೆ ಬಂದ. ಪಾವಗಡದ ಕಡೆಯವನು. ಸ್ಟೀರಿಂಗ್ ಹಿಡಿದೂ ಹಿಡಿದೂ ಹೆಗಲು ಮುಂದಕ್ಕೆ ಬಾಗಿತ್ತು. ಅವನ ಹೆಂಡತಿ ಮಹಾಲಕ್ಷ್ಮಮ್ಮ ಊಟದ ಡಬ್ಬಿ ಹಿಡಿದು ಗೇಟಿನ ಹತ್ತಿರ ಬೆಳಿಗ್ಗೆಯಿಂದ ಕೂತಿರುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಗಂಡನನ್ನು ಇವತ್ತು ಬಿಡುತ್ತಾರಾ ಎಂದು ಅವಳು ಒಳಗೆ ಹೋಗುವವರನ್ನೆಲ್ಲ ಕೇಳುತ್ತಿದ್ದಳು.

"ಕೂತ್ಕೊಳಿ."

"ನಿಂತೇ ಇರ್ತೀನಮ್ಮಾ. ಕೂತೂ ಕೂತೂ ಸೊಂಟ ಬಿದ್ದೋಗಿರೋ ಕೆಲಸ ನಂದು."

"ಲಿಯಾಕತ್ ಜೊತೆ ನಿಮಗೆ ಜಗಳ ಆಗಿತ್ತು."

"ಜಗಳಾ? ಏಮಿ ಜಗಳ ಅಮ್ಮಾ! ಸುತ್ತಿಗೆ, ಸ್ಪಾನರು ತುಂಬಿರೋ ಚೀಲ ತಂದು ನನ್ನ ಗೇರು ಪಕ್ಕ ಇಡೋನು. ತೆಗಿ ಭಾಯಿ ಅಂದೆ. ಅದಕ್ಕವನು, ನಿನ್ನ ಬಸ್ಸೇ ಒಂದು ಹಳೇ ಕುಕ್ಕರು, ಸೀಟಿ ಹೊಡೆಯೋದೊಂದು ಬಾಕಿ, ಇಳಿಸು ರಿಪೇರಿ ಮಾಡ್ಕೊಡ್ತೀನಿ ಅಂದ. ಬಸ್ಸೆಲ್ಲಾ ನಗ್ತು. ನಾನೂ ನಕ್ಕೆ."

"ನಗಲಿಲ್ಲ. ಚಕ್ರದ ಕೆಳಗೆ ಹಾಕ್ತೀನಿ ಅಂದ್ರಿ. ಕೇಳಿದವರಿದ್ದಾರೆ."

"ಡ್ರೈವರ ಬಾಯಲ್ಲಿ ಅದು ನಮಸ್ಕಾರ ಇದ್ದಂಗಮ್ಮಾ. ದಿನಾ ಎಷ್ಟು ಜನಕ್ಕೆ ಅಂತೀನಿ."

ರೇಣುಕಯ್ಯ ಕೆಮ್ಮಿ ನಗು ನುಂಗಿಕೊಂಡ. ಯಶೋಧರಾ ನಗಲಿಲ್ಲ.

"ಆವತ್ತು ಮೊದಲನೇ ಟ್ರಿಪ್ಪು. ಬಸ್ಸು ಖಾಲಿ. ಕಂಡಕ್ಟರೂ ಇರಲಿಲ್ಲ. ಅವನನ್ನ ನೀವೊಬ್ಬರೇ ನೋಡಿದ್ದು. ಕಿವಿಲಿ ವೈರಿತ್ತು, ಅದಕ್ಕೇ ಲಾರಿ ಬಂದದ್ದು ಕೇಳಿಸಿಲ್ಲ ಅಂತ ಹೇಳಿದ್ದೂ ನೀವೇ."

"ಹೌದಮ್ಮಾ. ಇತ್ತು."

"ಈ ವೈರು." ಅವಳು ಹೆಡ್‌ಸೆಟ್ಟನ್ನು ಅವನ ಕಡೆ ಸರಿಸಿದಳು. "ಲಿಯಾಕತ್‌ನ ಫೋನು ನಮ್ಮ ಹತ್ರ ಇದೆ. ಆ ಫೋನಿಗೆ ಇದನ್ನ ಸಿಕ್ಕಿಸೋಕೆ ತೂತೇ ಇಲ್ಲ. ಯಾವ ಹಾಡೂ ಕೇಳೋಕಾಗಲ್ಲ. ಹಂಗಿದ್ಮೇಲೆ ಇದು ಅವನ ಕಿವಿಗೆ ಹೆಂಗೆ ಬಂತು?"

ಲಕ್ಷ್ಮಯ್ಯ ವೈರನ್ನೇ ನೋಡಿದ. ಅವನ ಕೈ ಮುಂದೆ ಬಂತು, ಮುಟ್ಟದೆ ಹಿಂದಕ್ಕೆ ಹೋಯಿತು.

"ಸುಳ್ಳು ಸಾಕು ಲಕ್ಷ್ಮಯ್ಯ," ಎಂದಳು ಯಶೋಧರಾ. ಅವಳ ದನಿಯಲ್ಲಿ ಜೋರಿರಲಿಲ್ಲ. ಜೋರು ಮಾಡುವಷ್ಟು ತ್ರಾಣವೂ ಇರಲಿಲ್ಲ. "ನನಗೂ ಸಾಕಾಗಿದೆ. ನಿಮಗೂ ಸಾಕಾಗಿದೆ."

ಲಕ್ಷ್ಮಯ್ಯ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ.

"ಹೇಳ್ಬುಡ್ತೀನಮ್ಮಾ. ಆವತ್ತಿಂದ ಎದೆಲಿ ಇಟ್ಕೊಂಡಿದ್ದೆ. ಸೆಟ್ಟು ಕಿವಿಗಿಟ್ಟಿದ್ದು ನಾನೇ. ಸತ್ತೋನ ವಸ್ತು ಮುಟ್ಬಾರ್ದಾಗಿತ್ತು. ಮುಟ್ಟಿಬುಟ್ಟೆ. ತಪ್ಪಾಯ್ತು."

ರೇಣುಕಯ್ಯನ ಪೆನ್ನು ನಿಂತಿತು. ಮರುಕ್ಷಣವೇ ಓಡತೊಡಗಿತು.

ಗೆದ್ದ ಖುಷಿ ಬರುತ್ತದೇನೋ ಎಂದು ಯಶೋಧರಾ ಕಾದಳು. ಬರಲಿಲ್ಲ. ಎಲ್ಲಿಯಾದರೂ ಮಲಗಬೇಕು ಎನ್ನಿಸಿತು, ಅಷ್ಟೇ. ಎದ್ದು ವರಾಂಡಕ್ಕೆ ಹೋಗಿ ಸಾಹೇಬರಿಗೆ ಫೋನ್ ಮಾಡಿದಳು.

"ಒಪ್ಪಿಕೊಂಡ ಸರ್. ಕಿವಿಗೆ ಇಟ್ಟದ್ದು ತಾನೇ ಅಂದ."

"ನೋಡಿದ್ಯೇನಮ್ಮಾ! ಒಂದು ತೂತಿಲ್ಲದ ಫೋನು ಕೇಸು ಮುಗಿಸ್ತು. ಜೀಪು ವಾಪಸ್ ಕಳಿಸ್ತಿದ್ದೀನಿ. ಸಂಜೆಯೊಳಗೆ ಕೋರ್ಟಿಗೆ ಕರ್ಕೊಂಡು ಹೋಗು."

ಒಳಗೆ ಬರುವಾಗ ಗೇಟಿನ ಕಡೆ ನೋಡಬಾರದು ಎಂದುಕೊಂಡಳು. ನೋಡಿದಳು. ಮಹಾಲಕ್ಷ್ಮಮ್ಮ ಡಬ್ಬಿಯನ್ನು ಎತ್ತಿ ತೋರಿಸಿದಳು, ಊಟ ಕೊಡಲಾ ಎನ್ನುವ ಹಾಗೆ.

ಕೊಲೆ ಮಾಡಿದವನು ಹೀಗೆ ಮಾತಾಡುತ್ತಾನಾ? ಕಬ್ಬಿಣದ ಏಟಿನ ಮಾತೇ ಇಲ್ಲ. ಮುಟ್ಟಬಾರದಾಗಿತ್ತು ಎನ್ನುತ್ತಾನೆ. ಕೊಂದದ್ದಕ್ಕಿಂತ ಮುಟ್ಟಿದ್ದಕ್ಕೆ ಯಾರಾದರೂ ಹೆಚ್ಚು ಹೆದರುತ್ತಾರಾ?

ಮತ್ತೆ ಎದುರಿಗೆ ಕೂತಳು.

"ಲಕ್ಷ್ಮಯ್ಯ, ಕಿವಿಗೆ ಯಾಕೆ ಇಟ್ರಿ?"

ಅವನು ಅವಳನ್ನು ವಿಚಿತ್ರವಾಗಿ ನೋಡಿದ. "ಬಡ್ಕೊಂತಿತ್ತಲ್ಲಮ್ಮಾ."

"ಏನು ಬಡ್ಕೊಂತಿತ್ತು?"

"ಸೆಟ್ಟು. ರಿಂಗಾಗ್ತಾನೇ ಇತ್ತು. ಎತ್ದೆ ಇರೋಕೆ ಮನಸ್ಸು ಬರ್ಲಿಲ್ಲ. ಮನೆಯೋರೇನೋ ಅಂತ ಕಿವಿಗಿಟ್ಟೆ."

"ಯಾರ ಕಿವಿಗೆ?"

"ನನ್ನ ಕಿವಿಗೇ ಅಮ್ಮಾ! ಸತ್ತೋನ ಕಿವಿಗಿಟ್ಟು ಏಂ ಮಾಡ್ಲಿ? ಅವನು ಹಲೋ ಅಂತಾನಾ?"

ರೇಣುಕಯ್ಯ ಪೆನ್ನು ಕೆಳಗಿಟ್ಟ.

"ನೀವು ಸೆಟ್ಟು ಅಂದದ್ದು..." ಯಶೋಧರಾ ಮೇಜಿನ ಮೇಲಿದ್ದ ವೈರನ್ನು ತೋರಿಸಿದಳು. "ಇದಲ್ವಾ?"

"ಅದು ವೈರು. ಸೆಟ್ಟು ಅಂದ್ರೆ ಸೆಟ್ಟು. ಮೊಬೈಲು. ನಮ್ಮ ಕಡೆ ಎಲ್ಲಾರೂ ಅಂಗೇ ಅನ್ನೋದು."

ಹೌದು, ಅನ್ನುತ್ತಾರೆ. ಅವಳ ಅಪ್ಪನೂ ಅನ್ನುತ್ತಿದ್ದರು. ಹೊಸ ಸೆಟ್ಟು ತಗೊಂಡ್ಯಾ ಎಂದು ಅವಳೇ ಎಷ್ಟು ಜನರನ್ನು ಕೇಳಿದ್ದಾಳೆ. ಈ ಠಾಣೆಯ ಕೆಲವೇ ದಿನಗಳ ಮಾತು ಅವಳ ಊರಿನ ಮಾತನ್ನು ನುಂಗಿಬಿಟ್ಟಿತ್ತು.

ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಮೊದಲಿಂದ ಹೇಳಿ. ಏನೂ ಬಿಡಬೇಡಿ."

"ಅವನು ಬಿದ್ದಿದ್ದ. ಕಿವಿಲಿ ವೈರು. ಜೇಬಲ್ಲಿ ಸೆಟ್ಟು ಬಡ್ಕೊಂತಿತ್ತು. ತೆಗೆದೆ. ವೈರು ಸಿಕ್ಕಿಕೊಂಡೇ ಬಂತು. ಪಿನ್ನು ಕಿತ್ತೆ. ಟಕ್ ಅಂತ ಬಂತು, ಬಲು ಬಿಗಿ ಇತ್ತು. ಆಮೇಲೆ ಕಿವಿಗಿಟ್ಟೆ."

"ಪಿನ್ನು ಎಲ್ಲಿಂದ ಕಿತ್ರಿ?"

"ಸೆಟ್ಟಿನ ತಲೆ ಮೇಲಿಂದ."

ಯಶೋಧರಾ ಡ್ರಾಯರು ಎಳೆದು ಫೋನನ್ನು ಕವರಿನ ಸಮೇತ ಅವನ ಮುಂದಿಟ್ಟಳು. ಸಾಕ್ಷ್ಯವನ್ನು ಆರೋಪಿಗೆ ಮೊದಲೇ ತೋರಿಸಬಾರದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅವಳು ಆ ಮಾತನ್ನು ಅಕ್ಷರಶಃ ಪಾಲಿಸಿದ್ದಳು. ಈ ಫೋನನ್ನು ಇವನಿಗೆ ಯಾರೂ, ಒಮ್ಮೆಯೂ ತೋರಿಸಿರಲಿಲ್ಲ.

ಲಕ್ಷ್ಮಯ್ಯ ಬಗ್ಗಿ ನೋಡಿದ.

"ಇದ್ಯಾರ್ದಮ್ಮಾ?"

"ಲಿಯಾಕತ್‌ದು."

"ಇದಲ್ಲಮ್ಮಾ. ಅದು ಹಳೇದು. ಮೂಲೆ ಒಡೆದು, ಬೆನ್ನಿಗೆ ಕುಕ್ಕರಿನ ರಬ್ಬರು ಕುಯ್ದು ಬಿಗಿದಿದ್ದ. ಇಂಥಾ ಮಿರಮಿರ ಸೆಟ್ಟು ಅಲ್ಲವೇ ಅಲ್ಲ."

ಕುಕ್ಕರಿನ ರಬ್ಬರು. ಇಂಥದ್ದನ್ನು ಕಟ್ಟಿ ಹೇಳುವ ಮನುಷ್ಯ ಇವನಲ್ಲ.

ವೈರು ಇಟ್ಟವರು ಯಾರು ಎಂದು ಇಷ್ಟು ದಿನ ಕೇಳುತ್ತಾ ಬಂದಿದ್ದಳು. ವೈರನ್ನು ಯಾರೂ ಇಟ್ಟಿರಲಿಲ್ಲ. ಅದು ಲಿಯಾಕತ್‌ದೇ. ತಂದಿಟ್ಟದ್ದು ಫೋನನ್ನು. ಹಳೆಯದನ್ನು ತೆಗೆದುಕೊಂಡು, ಅದರ ಸಿಮ್ಮನ್ನು ಹೊಸದಕ್ಕೆ ಹಾಕಿ, ಹೊಸದನ್ನು ಪೊಲೀಸರ ಕೈಗೆ ಕೊಟ್ಟಿದ್ದಾರೆ. ಹೆಣದ ಕಿವಿಯಲ್ಲಿ ಉಳಿದ ವೈರನ್ನು ಅವರು ಮರೆತರು. ಎಲ್ಲಾ ಕಾಲನ್ನೂ ಸುಮ್ಮನೆ ಹಿಡಿದಿಟ್ಟುಕೊಳ್ಳುವ ಫೋನು ಈಗ ಅವರ ಹತ್ತಿರವಿದೆ.

"ಆ ಸೆಟ್ಟನ್ನ ಯಾರಿಗೆ ಕೊಟ್ರಿ?" ಕೇಳುವಾಗಲೇ ಉತ್ತರ ಅವಳಿಗೆ ಗೊತ್ತಿತ್ತು.

"ಅವನ ಬಾಮೈದನಿಗೆ. ಬೈಕಲ್ಲಿ ಬಂದ್ನಲ್ಲ, ಅಕ್ರಂ ಅಂತ. ಪೊಲೀಸ್ರಿಗೆ ನಾನೇ ಕೊಡ್ತೀನಿ ಬುಡು ಅಂದ."

"ನನ್ನ ಕೈಗೆ ಅವನೇ ಕೊಟ್ಟ ಮೇಡಂ," ರೇಣುಕಯ್ಯನ ದನಿ ಇಳಿದಿತ್ತು. "ಇದನ್ನೇ ಕೊಟ್ಟ."

ಲಿಯಾಕತ್ ಬೈದು ಹಿಂದಿರುಗಿಸಿದ ಹೊಸ ಫೋನು ಅಕ್ರಂನ ಹತ್ತಿರವೇ ಇದ್ದಿರಬೇಕು. ಕೊರಟಗೆರೆಗೆ ಕೆಲಸದ ಮೇಲೆ ಬಂದಿದ್ದೆ, ಬುಷ್ರಾ ಫೋನ್ ಮಾಡಿ ಅತ್ತಳು, ಓಡಿಬಂದೆ ಎಂದಿದ್ದ ಅಕ್ರಂ. ದುಲ್ಹಾಭಾಯಿಯನ್ನು ನೋಡಿ ತಿಂಗಳಾಗಿತ್ತು ಎಂದೂ ಹೇಳಿದ್ದ.

"ಫೋನ್ ಎತ್ತಿದ್ರಲ್ಲ. ಮಾತಾಡಿದ್ದು ಯಾರು?"

"ಮಗಳೇ ಇರ್ಬ್ಯಾಕು. ನಾನು ಬಾಯಿ ಬಿಡೋಕೆ ಮುಂಚೆನೇ ಕೇಳ್ತು ಪಾಪ. ಅಬ್ಬಾ, ಮಾಮು ಬಂದ್ರಾ ಅಂತ. ನಾನು ಆ್ಯಕ್ಸಿಡೆಂಟ್ ಆಗೈತೆ ಕಣಮ್ಮಾ ಅಂದೆ. ಕಿರಿಚ್ಕೊಂಡ್ಳು. ಆಮೇಲೆ ಏನೂ ಕೇಳ್ಸಲಿಲ್ಲ."

ಮಾಮು ಬಂದ್ರಾ.

ಆ ಬೆಳಿಗ್ಗೆ ಅಕ್ರಂ ಲಿಯಾಕತ್‌ನನ್ನು ನೋಡಲು ಬರುವವನಿದ್ದ. ಅದು ಬುಷ್ರಾಗೆ ಗೊತ್ತಿತ್ತು. ತನಗೆ ಗೊತ್ತಿರುವುದು ಏನೆಂಬುದು ಮಾತ್ರ ಆ ಹುಡುಗಿಗೆ ಗೊತ್ತಿರಲಿಲ್ಲ. ಆವತ್ತು ಯಾಕೆ ಫೋನ್ ಮಾಡಿದ್ದೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಯಶೋಧರಾ ಕೇಳಿರಲಿಲ್ಲ. ಹಳೇ ಫೋನಿನ ಗುಟ್ಟನ್ನು ಇವತ್ತು, ಇದೇ ಕೋಣೆಯಲ್ಲಿ, ಮಾಮು ಬೆನ್ನ ಹಿಂದೆ ನಿಂತಿರುವಾಗಲೇ ಅವಳು ನಗುತ್ತಾ ಹೇಳಿದ್ದಳು.

ಅದೇ ಮಾಮುವಿನ ಬೈಕು ಹತ್ತಿಸಿ ಅವಳನ್ನು ಕಳಿಸಿದ್ದೂ ಯಶೋಧರಾಳೇ.

ಬುಷ್ರಾಳ ನಂಬರು ಒತ್ತಿದಳು. ರಿಂಗಾಗುತ್ತಲೇ ಇತ್ತು. ಇನ್ನೇನು ನಿಲ್ಲಬೇಕು, ಅಷ್ಟರಲ್ಲಿ ಎತ್ತಿದರು.

"ಹೇಳಿ ಮೇಡಂ." ಅಕ್ರಂನ ದನಿ. ಆತುರವೇನೂ ಇರಲಿಲ್ಲ.

"ಬುಷ್ರಾ ಇಲ್ವಾ?"

"ಒಳಗೆ ಡಬ್ಬಿ ಹುಡುಕ್ತಾ ಇದ್ದಾಳೆ. ಮನೇಲೇ ಇದೀವಿ ಮೇಡಂ."

ಅವನ ಮಾತಿನ ಹಿಂದೆ ಬಸ್ಸೊಂದರ ಹಾರನ್ನು ಕೇಳಿಸಿತು. ಅದರ ಮೇಲೆ ಯಾರದೋ ಗಂಟಲು: "ಮಿಡಿಗೇಶಿ, ಪಾವಗಡಾ! ಪಾವಗಡಾ, ಪಾವಗಡಾ!"

ಪಾವಗಡ ದಾಟಿದರೆ ಆಂಧ್ರ.

"ಡ್ರೈವರ್ ಏನಂದ ಮೇಡಂ?" ಅಕ್ರಂ ಕೇಳಿದ. "ಒಪ್ಕೊಂಡ್ನಾ?"

ಯಶೋಧರಾ ತಲೆಯೆತ್ತಿದಳು. ಲಕ್ಷ್ಮಯ್ಯ ಅವಳ ಬಾಯನ್ನೇ ನೋಡುತ್ತಾ ನಿಂತಿದ್ದ. ಇಲ್ಲ ಎಂದರೆ ಆ ಕಡೆಯ ಹುಡುಗಿಗೆ ಏನಾಗುತ್ತದೋ ಗೊತ್ತಿಲ್ಲ. ಹೌದು ಎಂದರೆ ಈ ಕಡೆ ಇವನು. ಯೋಚಿಸಲು ಅವಳಿಗೆ ಒಂದು ಉಸಿರಿನಷ್ಟೇ ಹೊತ್ತಿತ್ತು.

"ಒಪ್ಕೊಂಡ," ಎಂದಳು. "ಎಲ್ಲಾ ಒಪ್ಕೊಂಡ."

ಲಕ್ಷ್ಮಯ್ಯ ಒಂದು ಹೆಜ್ಜೆ ಮುಂದೆ ಬಂದ. ರೇಣುಕಯ್ಯ ಎದ್ದು ಅವನ ಬಾಯಿಗೆ ಕೈ ಅಡ್ಡ ಹಿಡಿದ.

ಆ ಕಡೆ ಅಕ್ರಂ ಉದ್ದಕ್ಕೆ ಉಸಿರು ಬಿಟ್ಟ. "ಅಂಗಾದ್ರೆ ಡಬ್ಬಿ ಬೇಕಾಗಲ್ಲ ಅಲ್ವಾ ಮೇಡಂ?"

ಅವಳು ಉತ್ತರ ಕೊಡುವ ಮೊದಲೇ, ಫೋನಿನ ತೀರಾ ಹತ್ತಿರದಲ್ಲಿ, ಬುಷ್ರಾಳ ದನಿ ಕೇಳಿಸಿತು. ದಣಿದ, ಏನೂ ಅರಿಯದ ದನಿ.

"ಮಾಮು, ಸಿರಾ ರೋಡು ಆ ಕಡೆ ಅಲ್ವಾ?"

ಕರೆ ಕಡಿದುಹೋಯಿತು. ಮತ್ತೆ ಒತ್ತಿದರೆ ಫೋನು ಆಫ್ ಆಗಿತ್ತು.

ಅಂಗಳದಲ್ಲಿ ಜೀಪು ಬಂದು ನಿಂತ ಸದ್ದು. ಲಕ್ಷ್ಮಯ್ಯನನ್ನು ಕೋರ್ಟಿಗೆ ಒಯ್ಯಲು ಸಾಹೇಬರು ಕಳಿಸಿದ ಜೀಪು. ಠಾಣೆಗೆ ಇದ್ದದ್ದು ಅದೊಂದೇ.

ರೇಣುಕಯ್ಯ ಕೈ ಕೆಳಗಿಳಿಸಿದ.

"ಅಮ್ಮಾ," ಎಂದ ಲಕ್ಷ್ಮಯ್ಯ. "ನಾನು ಏನು ಒಪ್ಕೊಂಡೆ?"